ಸ್ಮೂದಿ ರೆಸಿಪಿ ಹಾಕ್ತೀರ ಸರಿ, ಅಳತೇನೂ ಹಾಕಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣೀಲಿ ಮನೇಲೇ ಸ್ಮೂದಿ ಮಾಡಿ ಕುಡಿದು ತೂಕ ಇಳಿಸ್ಕೊಳ್ಳೋದು ಹೇಗೆ ಅಂತ ಅರ್ಧ ಪುಟದ ಲೇಖನ ಬಂದಿತ್ತಲ್ಲ, ಅದರ ಬಗ್ಗೆ ಈ ಪತ್ರ. ಫೋಟೋ ಸಖತ್ತಾಗಿತ್ತು, ಸುಳ್ಳು ಯಾಕೆ ಹೇಳಲಿ, ನೋಡಿದ ತಕ್ಷಣ ಎದ್ದು ಹೋಗಿ ಮಿಕ್ಸಿ ಹಾಕೋಣ ಅನ್ನಿಸ್ತು. ಆದ್ರೆ ಐದು ರೆಸಿಪೀಲಿ ಒಂದರಲ್ಲೂ ಗ್ರಾಂ ಇಲ್ಲ, ಎಂ.ಎಲ್. ಇಲ್ಲ, ಕ್ಯಾಲೊರಿ ಅಂತೂ ಕೇಳ್ಲೇಬೇಡಿ. "ಒಂದು ಹಿಡಿ ಬಾದಾಮಿ", "ಸ್ವಲ್ಪ ಜೇನುತುಪ್ಪ", "ಬೇಕಾದಷ್ಟು ಹಾಲು". ಯಾರ ಹಿಡಿ ಸ್ವಾಮಿ? ನನ್ನ ಹಿಡಿಗೆ ಹದಿನೈದು ಬಾದಾಮಿ ಬಂದ್ರೆ ನಮ್ಮ ಯಜಮಾನರ ಹಿಡಿಗೆ ಮೂವತ್ತು ಬರುತ್ತೆ, ಎಣಿಸಿ ನೋಡಿದೀನಿ.

ಇಷ್ಟು ಸಣ್ಣ ವಿಷಯಕ್ಕೆ ಸಂಪಾದಕರಿಗೆ ಪತ್ರ ಬರೀಬೇಕಾ ಅಂತ ನಿಮಗೆ ಅನ್ನಿಸಬಹುದು. ನನಗೂ ಅನ್ನಿಸ್ತಿತ್ತು, ಎರಡು ವರ್ಷದ ಹಿಂದೆ ಆಗಿದ್ರೆ. ಆಗ ಇಂಥದ್ದೇ ಒಂದು ಲೇಖನ ಓದಿ (ಎಲ್ಲಿ ಓದಿದ್ದು ಅನ್ನೋದು ಈಗ ನೆನಪಿಲ್ಲ, ನಿಮ್ಮ ಪತ್ರಿಕೆ ಅಲ್ಲ ಬಿಡಿ) ದಿನಾ ಬೆಳಿಗ್ಗೆ ಸ್ಮೂದಿ ಶುರು ಮಾಡಿದೆ. ಸಕ್ಕರೆ ಬಿಟ್ಟೆ, ಬಿಸ್ಕೆಟ್ ಬಿಟ್ಟೆ, ಸಂಜೆ ವಾಕಿಂಗ್ ಬೇರೆ. ಮೂರು ತಿಂಗಳು ಕಳೆದ ಮೇಲೆ ತೂಕದ ಮೆಷಿನ್ ಮೇಲೆ ನಿಂತ್ರೆ ಎರಡೂವರೆ ಕೆ.ಜಿ. ಜಾಸ್ತಿ. ಮೆಷಿನ್ನೇ ಕೆಟ್ಟಿರ್ಬೇಕು ಅಂತ ಬ್ಯಾಟರಿ ಬದಲಾಯಿಸಿದೆ. ಆಮೇಲೆ ಥೈರಾಯ್ಡ್ ಇರಬಹುದು ಅಂತ ಟೆಸ್ಟ್ ಮಾಡಿಸಿದೆ, ಅದೂ ನಾರ್ಮಲ್. ಕೊನೆಗೆ ನನ್ನ ಮಗಳು ಒಂದಿನ ಅಡುಗೆಮನೆ ಕಟ್ಟೆ ಮೇಲೆ ಕೂತು "ಅಮ್ಮ ನೀನು ಏನೇನು ಹಾಕ್ತೀಯೋ ಹಾಕ್ತಾ ಹೋಗು, ನಾನು ತೂಕ ಬರ್ಕೋತೀನಿ" ಅಂದ್ಲು. ಕೇಕ್ ಮಾಡೋಕೆ ಅಂತ ಅವಳು ತಂದಿಟ್ಟಿದ್ದ ಪುಟ್ಟ ಡಿಜಿಟಲ್ ತಕ್ಕಡಿ ಇತ್ತು, ಅದನ್ನ ಮಿಕ್ಸಿ ಜಾರ್ ಕೆಳಗೆ ಇಟ್ವಿ.

ಲೆಕ್ಕ ಹೀಗೆ ಬಂತು ನೋಡಿ. ಮಧ್ಯಮ ಸೈಜಿನ ಬಾಳೆಹಣ್ಣು ಎರಡು, ಒಂದೊಂದಕ್ಕೆ ಸುಮಾರು 105 ಕ್ಯಾಲೊರಿ, ಅಲ್ಲಿಗೆ 210. ಕೆನೆ ತೆಗೆಯದ ಹಾಲು 300 ಎಂ.ಎಲ್., ಅದು 190 ಹತ್ತಿರ. ಜೇನುತುಪ್ಪ ಎರಡು ದೊಡ್ಡ ಚಮಚ, ಒಂದಕ್ಕೆ 64ರ ಹಾಗೆ 128. ನಾಲ್ಕು ಸಣ್ಣ ಖರ್ಜೂರ 80, ಹತ್ತು ಬಾದಾಮಿ 70. ಇಷ್ಟಕ್ಕೇ 680 ಆಯ್ತು. ಆಮೇಲೆ ಪೀನಟ್ ಬಟರ್, ಅಲ್ಲಿ ಬಂತು ನೋಡಿ ಅಸಲಿ ಕಥೆ. ಡಬ್ಬಿ ಮೇಲೆ ಒಂದು ದೊಡ್ಡ ಚಮಚ ಅಂದ್ರೆ 16 ಗ್ರಾಂ ಅಂತ ಇರುತ್ತೆ, ಅದು ಮಟ್ಟಸವಾಗಿ ಒರೆಸಿದ ಚಮಚ. ನಾವು ಡಬ್ಬಿಗೆ ಚಮಚ ಇಳಿಸಿ ಎತ್ತಿದ್ರೆ ಗುಡ್ಡೆಯಾಗಿ ಬರುತ್ತೆ, ನನ್ನ ಎರಡು ಚಮಚ ಸರಿಯಾಗಿ 50 ಗ್ರಾಂ ತೂಗ್ತು, ಹತ್ತಿರ ಹತ್ತಿರ 295 ಕ್ಯಾಲೊರಿ. ಒಟ್ಟು 970ರ ಮೇಲೆ. ಅಂದ್ರೆ ದಿನಕ್ಕೆ 2000 ಕ್ಯಾಲೊರಿ ಸಾಕಾಗೋ ಹೆಂಗಸಿಗೆ ಅರ್ಧ ದಿನದ ಊಟ ಒಂದು ಲೋಟದಲ್ಲಿ! ಅದನ್ನ ಕುಡಿದು ಅರ್ಧ ಗಂಟೆ ಆದ್ಮೇಲೆ ನಾನು ತಿಂಡೀನೂ ತಿಂತಿದ್ದೆ ಸ್ವಾಮಿ, ಸ್ಮೂದಿ ಅಂದ್ರೆ ಜ್ಯೂಸ್ ಥರ, ಕುಡಿಯೋ ಪದಾರ್ಥ, ಅದು ಊಟದ ಲೆಕ್ಕಕ್ಕೆ ಬರಲ್ಲ ಅಂದ್ಕೊಂಡು.

ಮಗಳು ನಗ್ಲಿಲ್ಲ, ಪಾಪ. ನಾನೇ ನಕ್ಕೆ.

ನಾನು ಹೇಳ್ತಿರೋದು ಇಷ್ಟೇ. ಸ್ಮೂದಿ ಊಟ, ಪಾನೀಯ ಅಲ್ಲ. ಊಟದ ಜಾಗದಲ್ಲಿ ಕುಡಿದ್ರೆ ಒಳ್ಳೇದು, ಊಟದ ಜೊತೆಗೆ ಕುಡಿದ್ರೆ ಅದು ಎರಡನೇ ಊಟ. ಈ ಒಂದು ಸಾಲು ಮತ್ತೆ ಪಕ್ಕದಲ್ಲಿ ಗ್ರಾಂ ಲೆಕ್ಕ, ಇಷ್ಟು ಹಾಕಿದ್ರೆ ನಿಮ್ಮ ಲೇಖನ ಓದಿದೋರು ನನ್ನ ಥರ ಮೂರು ತಿಂಗಳು ಹಾಳು ಮಾಡ್ಕೊಳ್ಳಲ್ಲ.

ಜನ ಸಾಮಾನ್ಯವಾಗಿ ಹಣ್ಣಿಗೆ ಹೆದರ್ತಾರೆ, "ಬಾಳೆಹಣ್ಣು ದಪ್ಪ ಮಾಡುತ್ತೆ" ಅಂತ. ಆದ್ರೆ ಮೇಲಿನ ಲೆಕ್ಕ ಇನ್ನೊಂದ್ಸಲ ನೋಡಿ, ಎರಡು ಬಾಳೆಹಣ್ಣಿಗಿಂತ ಎರಡು ಗುಡ್ಡೆ ಚಮಚ ಪೀನಟ್ ಬಟರ್ ಜಾಸ್ತಿ. ಕಾರಣ ಸುಲಭ, ಒಂದು ಗ್ರಾಂ ಪಿಷ್ಟ ಸಕ್ಕರೆ ಅಥವಾ ಪ್ರೋಟೀನ್‌ಗೆ ಸುಮಾರು 4 ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿಗೆ 9. ಬೀಜ, ಬೆಣ್ಣೆ, ಕೆನೆ, ಕೊಬ್ಬರಿ ಇವೆಲ್ಲ ಕೊಬ್ಬಿನ ಕಡೆಯವು, ಹಣ್ಣು ತರಕಾರಿ ಹೆಚ್ಚುಕಮ್ಮಿ ನೀರೇ. ಬೀಜಗಳು ಕೆಟ್ಟವು ಅಂತ ನಾನು ಹೇಳ್ತಿಲ್ಲ, ಅವು ತುಂಬಾ ಒಳ್ಳೇವು, ಹಾಕಲೇಬೇಕು, ಅಳೆದು ಹಾಕಬೇಕು ಅಷ್ಟೇ. ಪಾಲಕ್ ಸೊಪ್ಪನ್ನ ಕಣ್ಣು ಮುಚ್ಕೊಂಡು ಹಾಕಿದ್ರೂ ನಡೆಯುತ್ತೆ, 30 ಗ್ರಾಂ ಸೊಪ್ಪಿಗೆ 7 ಕ್ಯಾಲೊರಿ. ಬಾದಾಮೀನ ಕಣ್ಣು ಮುಚ್ಕೊಂಡು ಹಾಕಿದ್ರೆ ನಡೆಯಲ್ಲ, ಒಂದೇ ಒಂದು ಬಾದಾಮಿಗೆ 7 ಕ್ಯಾಲೊರಿ.

ಒಣ ಹಣ್ಣಿನದೂ ಇದೇ ಕಥೆ. ದ್ರಾಕ್ಷಿ 100 ಗ್ರಾಂಗೆ 70 ಕ್ಯಾಲೊರಿ ಇದ್ರೆ ಒಣದ್ರಾಕ್ಷಿ 100 ಗ್ರಾಂಗೆ 300. ಹಣ್ಣು ಅದೇ, ನೀರು ಹೋಗಿದೆ ಅಷ್ಟೇ. ಸ್ಮೂದೀಲಿ "ಸಕ್ಕರೆ ಬದಲು ಖರ್ಜೂರ" ಅಂತ ಎಲ್ರೂ ಬರೀತಾರೆ, ಖರ್ಜೂರದಲ್ಲಿ ನಾರು ಇದೆ ಪೊಟ್ಯಾಶಿಯಂ ಇದೆ ಒಪ್ಕೋತೀನಿ, ಆದ್ರೆ ಆ ದೊಡ್ಡ ಮೆತ್ತಗಿನ ಖರ್ಜೂರ ಒಂದಕ್ಕೇ 65 ಕ್ಯಾಲೊರಿ ಮೇಲೆ ಇದೆ, ನಾಲ್ಕು ಹಾಕಿದ್ರೆ ನೀವೇ ಲೆಕ್ಕ ಹಾಕಿ.

ಇನ್ನು ಜೇನುತುಪ್ಪ. ನಿಮ್ಮ ಲೇಖನದ ಐದು ರೆಸಿಪೀಲಿ ನಾಲ್ಕಕ್ಕೆ ಜೇನುತುಪ್ಪ ಇದೆ, "ನೈಸರ್ಗಿಕ ಸಿಹಿ, ಚಿಂತೆ ಬೇಡ" ಅಂತ ಬೇರೆ ಬರ್ದಿದಾರೆ. ಇದನ್ನ ಮಾತ್ರ ನಾನು ಒಪ್ಪಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆ ಬಗ್ಗೆ ಒಂದು ಮಾರ್ಗಸೂಚಿ ಹೊರಡಿಸಿತು, ಅದರಲ್ಲಿ ಹೊರಗಿನಿಂದ ಸೇರಿಸೋ ಸಕ್ಕರೆ ಜೊತೆಗೆ ಜೇನುತುಪ್ಪ, ಸಿರಪ್, ಹಣ್ಣಿನ ರಸದಲ್ಲಿರೋ ಸಕ್ಕರೇನೂ ಒಂದೇ ಗುಂಪಿಗೆ ಸೇರಿಸಿದಾರೆ. ಈ ಗುಂಪಿನದ್ದು ದಿನದ ಒಟ್ಟು ಶಕ್ತೀಲಿ ಶೇ. 10 ದಾಟಬಾರ್ದು, 5ರ ಒಳಗೆ ಇದ್ರೆ ಇನ್ನೂ ಒಳ್ಳೇದು ಅಂತ. 2000 ಕ್ಯಾಲೊರಿ ಲೆಕ್ಕದಲ್ಲಿ ಅದು 50 ಗ್ರಾಂ ಮತ್ತೆ 25 ಗ್ರಾಂ. ಎರಡು ದೊಡ್ಡ ಚಮಚ ಜೇನುತುಪ್ಪದಲ್ಲಿ 34 ಗ್ರಾಂ ಸಕ್ಕರೆ ಇರುತ್ತೆ. ಬೆಳಿಗ್ಗೆ ಏಳು ಗಂಟೆಗೇ ಆ 25ರ ಗೆರೆ ದಾಟಿ ಆಯ್ತು! ಚೆನ್ನಾಗಿ ಕಳಿತ ಬಾಳೆಹಣ್ಣು, ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬಂದಿರುತ್ತಲ್ಲ ಅಂಥದ್ದು, ಹಾಕಿದ್ರೆ ಜೇನುತುಪ್ಪ ಬೇಕಾಗೇ ಇಲ್ಲ, ಮೊದಲ ವಾರ ಸಪ್ಪೆ ಅನ್ನಿಸುತ್ತೆ ಆಮೇಲೆ ನಾಲಿಗೆಗೆ ಅಭ್ಯಾಸ ಆಗುತ್ತೆ, ನನಗಂತೂ ಈಗ ಹಳೇ ಸ್ಮೂದಿ ಕೊಟ್ರೆ ಪಾಯಸ ಕುಡಿದ ಹಾಗೆ ಆಗುತ್ತೆ.

ಬ್ರಿಟನ್ನಿನವರು ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್.ಎಚ್.ಎಸ್. ಜ್ಯೂಸ್ ಸ್ಮೂದಿ ಎರಡೂ ಸೇರಿ ದಿನಕ್ಕೆ 150 ಎಂ.ಎಲ್. ಸಾಕು ಅನ್ನುತ್ತೆ, ಅಂದ್ರೆ ಒಂದು ಸಣ್ಣ ಲೋಟ. ಹಣ್ಣನ್ನ ಅರೆದಾಗ ಅದರ ಜೀವಕೋಶಗಳು ಒಡೆದು ಒಳಗಿದ್ದ ಸಕ್ಕರೆ ಹೊರಗೆ ಬರುತ್ತೆ, ಹಾಗಾಗಿ ಅದನ್ನ ಸೇರಿಸಿದ ಸಕ್ಕರೆ ಲೆಕ್ಕಕ್ಕೇ ಹಾಕ್ಬೇಕು ಅನ್ನೋದು ಅವರ ವಾದ. ನನಗೆ ಇದು ಸ್ವಲ್ಪ ಅತಿ ಆಯ್ತು ಅನ್ನಿಸುತ್ತೆ, ಮೊಸರು ಸೊಪ್ಪು ಬೀಜ ಹಾಕಿ ಮನೇಲಿ ಮಾಡಿದ್ದನ್ನೂ ಬರೀ ಹಣ್ಣಿನ ರಸ ಹಿಂಡಿ ಬಾಟ್ಲಿಗೆ ತುಂಬಿದ್ದನ್ನೂ ಒಂದೇ ಅಳತೇಲಿ ನೋಡಿದ್ರೆ ಹೇಗೆ. ಆದ್ರೂ ಅವರ ಎಚ್ಚರಿಕೆಗೆ ಅರ್ಥ ಇಲ್ಲದೆ ಇಲ್ಲ.

ಯಾಕಂದ್ರೆ ಅಗಿಯೋದಕ್ಕೂ ಕುಡಿಯೋದಕ್ಕೂ ವ್ಯತ್ಯಾಸ ಇದೆ. 1977ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಒಂದು ಪ್ರಯೋಗ ಬಂದಿತ್ತು, ಹತ್ತು ಜನಕ್ಕೆ ಸೇಬನ್ನ ಮೂರು ರೀತೀಲಿ ಕೊಟ್ರು, ಇಡಿಯಾಗಿ, ಅರೆದು, ರಸ ತೆಗೆದು. ರಸ ಕುಡಿಯೋಕೆ ಹಿಡಿದ ಸಮಯ ಇಡೀ ಸೇಬು ತಿನ್ನೋ ಸಮಯದ ಹನ್ನೊಂದನೇ ಒಂದು ಭಾಗ! ಹೊಟ್ಟೆ ತುಂಬಿದ ಹಾಗೆ ಅನ್ನಿಸಿದ್ದು ಇಡೀ ಸೇಬಲ್ಲಿ ಎಲ್ಲಕ್ಕಿಂತ ಜಾಸ್ತಿ, ರಸದಲ್ಲಿ ಎಲ್ಲಕ್ಕಿಂತ ಕಮ್ಮಿ, ಅರೆದದ್ದು ಮಧ್ಯದಲ್ಲಿ. 2009ರಲ್ಲಿ ಅಮೆರಿಕದಲ್ಲಿ ಮಾಡಿದ ಇನ್ನೊಂದು ಪ್ರಯೋಗದಲ್ಲೂ ಮಧ್ಯಾಹ್ನದ ಊಟಕ್ಕೆ ಮುಂಚೆ ಇಡೀ ಸೇಬು ತಿಂದೋರ ಒಟ್ಟು ಕ್ಯಾಲೊರಿ, ಸೇಬಿನದೂ ಸೇರಿಸಿ, ಏನೂ ತಿನ್ನದೆ ಊಟಕ್ಕೆ ಕೂತಾಗಿನದಕ್ಕಿಂತ ಶೇ. 15 ಕಮ್ಮಿ ಬಂತು, ರಸ ಕುಡಿದೋರಲ್ಲಿ ಅಂಥದ್ದೇನೂ ಆಗ್ಲಿಲ್ಲ. ಸ್ಮೂದಿ ಆ ಮಧ್ಯದ ಮೆಟ್ಟಿಲಲ್ಲಿ ನಿಂತಿರೋ ಪದಾರ್ಥ, ನೀವು ಅದನ್ನ ಮೇಲಕ್ಕೂ ಎಳೀಬಹುದು ಕೆಳಕ್ಕೂ ತಳ್ಳಬಹುದು. ನೀರು ನೀರಾಗಿ ಮಾಡಿ ಸ್ಟ್ರಾ ಹಾಕಿ ಕಾರ್ ಓಡಿಸ್ತಾ ಎರಡು ನಿಮಿಷದಲ್ಲಿ ಮುಗಿಸಿದ್ರೆ ಅದು ಜ್ಯೂಸೇ. ಗಟ್ಟಿಯಾಗಿ ಮಾಡಿ ಬಟ್ಟಲಿಗೆ ಹಾಕಿ ಮೇಲೆ ಒಂದಿಷ್ಟು ಹಣ್ಣಿನ ಚೂರು ಉದುರಿಸಿ ಚಮಚದಲ್ಲಿ ಹದಿನೈದು ನಿಮಿಷ ತಿಂದ್ರೆ ಮಧ್ಯಾಹ್ನದವರೆಗೂ ತಡೆಯುತ್ತೆ, ನಾನು ಮಾಡಿ ನೋಡಿ ಹೇಳ್ತಿರೋದು.

ಇಲ್ಲಿ ಇನ್ನೊಂದು ತಪ್ಪು ತಿಳುವಳಿಕೇನೂ ಹೇಳ್ಬಿಡ್ತೀನಿ. ಮಿಕ್ಸಿ ಬ್ಲೇಡು ನಾರನ್ನೆಲ್ಲ ನಾಶ ಮಾಡುತ್ತೆ ಅಂತ ವಾಟ್ಸಾಪಲ್ಲಿ ಆಗಾಗ ಬರ್ತಿರುತ್ತೆ. ನಾರು ಎಲ್ಲಿಗೂ ಹೋಗಲ್ಲ, ಸಣ್ಣ ಚೂರಾಗುತ್ತೆ, ಜಾರ್ ಒಳಗೇ ಇರುತ್ತೆ. ಅದು ಹೋಗೋದು ನೀವು ಸೋಸಿದಾಗ. ಸೋಸಿ ಉಳಿದ ಚರಟ ಗಿಡಕ್ಕೆ ಹಾಕಿ ರಸ ಮಾತ್ರ ಕುಡಿಯೋರಿಗೆ ಗಿಡಾನೇ ಆರೋಗ್ಯವಾಗಿರುತ್ತೆ. ಇನ್ನೊಂದು ಸ್ವಾರಸ್ಯ ಅಂದ್ರೆ ಸಣ್ಣ ಬೀಜ ಇರೋ ಬೆರ್ರಿ ಥರದ ಹಣ್ಣುಗಳನ್ನ ಬೀಜ ಸಮೇತ ಅರೆದಾಗ ರಕ್ತದ ಸಕ್ಕರೆ ಇಡೀ ಹಣ್ಣು ತಿಂದಾಗಿಗಿಂತ ಜಾಸ್ತಿ ಏರಲಿಲ್ಲ, ಒಂದೊಂದ್ಸಲ ಕಮ್ಮೀನೇ ಏರಿತು ಅಂತ ಕೆಲವು ಸಣ್ಣ ಪ್ರಯೋಗಗಳಲ್ಲಿ ಕಂಡಿದೆ, ಬೀಜದೊಳಗಿನ ನಾರು ಹೊರಗೆ ಬರೋದ್ರಿಂದ ಇರಬಹುದು ಅಂತಾರೆ. ಹಾಗಂತ ಶುಗರ್ ಇರೋರು ಇದನ್ನ ಓದ್ಕೊಂಡು ಲೋಟ ತುಂಬ್ಕೊಳ್ಳಬೇಡಿ, ಪ್ರಯೋಗದಲ್ಲಿ ಇದ್ದೋರು ಆರೋಗ್ಯವಂತ ಹುಡುಗ ಹುಡುಗೀರು.

ನಾನು ಈಗ ಏನು ಮಾಡ್ತೀನಿ ಅಂತ ಹೇಳ್ತೀನಿ, ಇದೇ ಸರಿ ಅಂತ ಅಲ್ಲ, ಒಂದು ಲೆಕ್ಕಕ್ಕೆ. ಜಾರನ್ನ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡ್ಕೋತೀನಿ, ಒಂದೊಂದು ಹಾಕಿದಾಗ್ಲೂ ಮತ್ತೆ ಸೊನ್ನೆ, ಬೇರೆ ಪಾತ್ರೆ ತೊಳೆಯೋ ಕೆಲಸಾನೂ ಇಲ್ಲ. ಸಿಪ್ಪೆ ತೆಗೆದು ಹೋಳು ಮಾಡಿ ಫ್ರೀಜರಲ್ಲಿಟ್ಟ ಬಾಳೆಹಣ್ಣು 100 ಗ್ರಾಂ, ಅದು 90 ಕ್ಯಾಲೊರಿ. ಕೆನೆ ಕಮ್ಮಿ ಇರೋ ಸಿಹಿ ಹಾಕದ ಮೊಸರು 200 ಗ್ರಾಂ, 125. ಸ್ಟ್ರಾಬೆರಿ 100 ಗ್ರಾಂ, 32. ಪಾಲಕ್ ಒಂದು ಹಿಡಿ (ಇದಕ್ಕೆ ಹಿಡಿ ಅಂದ್ರೆ ನಡೆಯುತ್ತೆ ಅಂದೆನಲ್ಲ), 7. ಪುಡಿ ಮಾಡಿದ ಅಗಸೆ ಬೀಜ ಒಂದು ಮಟ್ಟಸ ದೊಡ್ಡ ಚಮಚ, 37. ಪೀನಟ್ ಬಟರ್ 10 ಗ್ರಾಂ, 59, ಇದು ಇಲ್ದೆ ನನಗೆ ಇಳಿಯಲ್ಲ. ಉಳಿದಿದ್ದು ನೀರು. ಒಟ್ಟು 350. ಪ್ರೋಟೀನ್ 16 ಗ್ರಾಂ ಆಸುಪಾಸು, ನಾರು 7 ಗ್ರಾಂ ಮೇಲೆ. ಪ್ರಮಾಣದಲ್ಲಿ ನನ್ನ ಹಳೇ 970ರ ಲೋಟಕ್ಕಿಂತ ಏನೂ ಕಮ್ಮಿ ಕಾಣಲ್ಲ, ಫ್ರೀಜ್ ಮಾಡಿದ ಬಾಳೆಹಣ್ಣಿನಿಂದ ಐಸ್ ಕ್ರೀಮ್ ಥರ ಗಟ್ಟಿ ಬರುತ್ತೆ, ಸ್ವಲ್ಪ ಹೊತ್ತು ಜಾಸ್ತಿ ತಿರುಗಿಸಿದ್ರೆ ಗಾಳಿ ಸೇರಿ ಉಬ್ಬುತ್ತೆ.

ಮೊಸರೇ ಯಾಕೆ ಅಂದ್ರೆ ಪ್ರೋಟೀನ್. ಬರೀ ಹಣ್ಣು ಮತ್ತೆ ನೀರು ಹಾಕಿ ಕುಡಿದ್ರೆ ಕ್ಯಾಲೊರಿ ಕಮ್ಮಿ ಬರುತ್ತೆ ನಿಜ, ಆದ್ರೆ ಹನ್ನೊಂದು ಗಂಟೆಗೆ ಹೊಟ್ಟೆ ಚುರುಗುಟ್ಟಿ ಕೈಗೆ ಸಿಕ್ಕಿದ್ದು ತಿನ್ನೋ ಹಾಗಾಗುತ್ತೆ, ಉಳಿಸಿದ್ದೆಲ್ಲ ಅಲ್ಲಿಗೆ ಬಡ್ಡಿ ಸಮೇತ ಹೋಯ್ತು. ಹಾಲು ಮೊಸರು ಆಗದೋರು ಸೋಯಾ ಹಾಲು ಹಾಕಬಹುದು, ಸಿಹಿ ಇಲ್ಲದ್ದು ಒಂದು ಕಪ್ಪಿಗೆ 80 ಕ್ಯಾಲೊರಿ, 7 ಗ್ರಾಂ ಪ್ರೋಟೀನ್. ಬಾದಾಮಿ ಹಾಲು ಕ್ಯಾಲೊರೀಲಿ ಹಗುರ, 30-40 ಅಷ್ಟೇ, ಆದ್ರೆ ಪ್ರೋಟೀನ್ ಒಂದೇ ಗ್ರಾಂ, ಹೆಸರು ನೋಡಿ ಮೋಸ ಹೋಗಬೇಡಿ. ಹಣ್ಣಿನ ಫ್ಲೇವರ್ ಇರೋ ಮೊಸರು ತಂದ್ರೆ ಡಬ್ಬಿ ಹಿಂದಿನ ಸಕ್ಕರೆ ಸಾಲು ಓದಿ, ಮುಂದಿನ ಚಿತ್ರ ಅಲ್ಲ.

ನಾಕು ದಿನಕ್ಕಾಗೋಷ್ಟು ಹಣ್ಣು ಸೊಪ್ಪನ್ನ ಒಂದೇ ಸಲ ತೂಗಿ ಬೇರೆ ಬೇರೆ ಡಬ್ಬೀಲಿ ಹಾಕಿ ಫ್ರೀಜರಲ್ಲಿಟ್ರೆ ಬೆಳಿಗ್ಗೆ ಆತುರದಲ್ಲಿ "ಇರಲಿ ಇನ್ನೊಂದು ಚಮಚ" ಅನ್ನೋ ಚಪಲ ಬರಲ್ಲ. ಮಾಡಿಟ್ಟ ಸ್ಮೂದಿ ಆದ್ರೆ ಅವತ್ತೇ ಮುಗಿಸಿ.

ಹಾಂ, ಬಾಳೆಹಣ್ಣಿನ ಬಗ್ಗೆ 2023ರಲ್ಲಿ ಒಂದು ಸುದ್ದಿ ಓಡಾಡ್ತಿತ್ತು, ಬೆರ್ರಿ ಜೊತೆ ಬಾಳೆಹಣ್ಣು ಹಾಕಬಾರ್ದಂತೆ, ಅದರಲ್ಲಿರೋ ಕಿಣ್ವ (ಹೆಚ್ಚಿಟ್ಟ ಬಾಳೆಹಣ್ಣನ್ನ ಕಪ್ಪು ಮಾಡುತ್ತಲ್ಲ ಅದೇ) ಫ್ಲೇವನಾಲ್ ಅನ್ನೋ ಒಳ್ಳೇ ಅಂಶ ಮೈಗೆ ಹತ್ತೋದನ್ನ ಭಾರೀ ಕಮ್ಮಿ ಮಾಡುತ್ತಂತೆ. ಪ್ರಯೋಗ ನಿಜಾನೇ. ಆದ್ರೆ ಕ್ಯಾಲೊರಿಗೂ ಅದಕ್ಕೂ ಸಂಬಂಧ ಇಲ್ಲ, ಬಾಳೆಹಣ್ಣಿನ ಮಿಕ್ಕ ಗುಣ ಎಲ್ಲೂ ಹೋಗಲ್ಲ, ಅದಕ್ಕೇ ನಾನು ತಲೆ ಕೆಡಿಸ್ಕೊಂಡಿಲ್ಲ. ಫ್ಲೇವನಾಲೇ ಬೇಕು ಅನ್ನೋರು ಬಾಳೆಹಣ್ಣಿನ ಬದಲು ಕಿತ್ತಳೆ, ಮೊಸರು ಹಾಕ್ಕೊಳ್ಳಿ.

ಲೇಖನದಲ್ಲಿ ಇರ್ಲೇಬೇಕಾಗಿದ್ದ, ಆದ್ರೆ ಇಲ್ಲದೇ ಹೋದ ಮಾತು ಇನ್ನೊಂದಿದೆ. "ದಿನಾ ಎರಡು ಲೋಟ ಹಸಿರು ಸ್ಮೂದಿ, ಎಲ್ಲರಿಗೂ ಒಳ್ಳೇದು" ಅಂತ ಬರ್ದಿದಾರೆ. ಎಲ್ಲರಿಗೂ ಅಲ್ಲ. ಹಸಿ ಪಾಲಕ್‌ನಲ್ಲಿ ಆಕ್ಸಲೇಟ್ ಅನ್ನೋ ಅಂಶ ಜಾಸ್ತಿ, ಕಿಡ್ನಿ ಕಲ್ಲು ಆಗೋ ಪ್ರಕೃತಿ ಇರೋರಿಗೆ ದಿನಾ ರಾಶಿ ರಾಶಿ ಒಳ್ಳೇದಲ್ಲ, ಹಸಿರು ಸ್ಮೂದಿ ವ್ರತ ಹಿಡಿದು ಕಿಡ್ನಿಗೇ ಪೆಟ್ಟು ತಿಂದ ರೋಗಿಗಳ ವರದಿ ವೈದ್ಯಕೀಯ ಪತ್ರಿಕೆಗಳಲ್ಲಿ ಇವೆ. ರಕ್ತ ತೆಳು ಮಾಡೋ ವಾರ್ಫರಿನ್ ಮಾತ್ರೆ ತಗೋಳೋರು ಇದ್ದಕ್ಕಿದ್ದ ಹಾಗೆ ಸೊಪ್ಪು ಜಾಸ್ತಿ ಮಾಡಿದ್ರೆ ಸೊಪ್ಪಿನ ವಿಟಮಿನ್ ಕೆ ಆ ಮಾತ್ರೆ ಕೆಲಸಾನೇ ಕಮ್ಮಿ ಮಾಡುತ್ತೆ. ಕಿಡ್ನಿ ತೊಂದರೆ ಇದ್ದು ಪೊಟ್ಯಾಶಿಯಂ ಕಮ್ಮಿ ಮಾಡಿ ಅಂತ ಡಾಕ್ಟರ್ ಹೇಳಿರೋರಿಗೆ ಒಂದು ಬಾಳೆಹಣ್ಣಿನ 420 ಮಿ.ಗ್ರಾಂ. ಕೂಡ ಲೆಕ್ಕಕ್ಕೆ ಬರುತ್ತೆ. ಮೂರು ಸಾಲಿನ ಒಂದು ಬಾಕ್ಸ್ ಹಾಕೋಕೆ ಜಾಗ ಇರಲಿಲ್ವಾ, ಫೋಟೋ ಒಂಚೂರು ಸಣ್ಣದು ಮಾಡಿದ್ರೆ ಆಗ್ತಿತ್ತು.

ಕ್ಯಾಲೊರಿ ಎಣಿಸ್ತಾ ಕೂರೋದೂ ಒಂದು ಹುಚ್ಚೇ ಅಂತ ನಮ್ಮ ಯಜಮಾನರು ರೇಗಿಸ್ತಾರೆ. ನಿಜ, ನನ್ನ ಗೆಳತಿಯೊಬ್ಬಳಿಗೆ ಈ ಎಣಿಕೆ ತಲೆಗೆ ಹತ್ತಿ ಊಟ ಅಂದ್ರೇ ಹೆದರೋ ಹಾಗಾಗಿತ್ತು, ಅಂಥೋರು ತಕ್ಕಡಿ ಹತ್ರಾನೂ ಹೋಗ್ಬಾರ್ದು. ನಾನೂ ಜೀವಮಾನ ಪೂರ್ತಿ ತೂಗ್ತಾ ಕೂರಲ್ಲ, ಎರಡು ವಾರ ತೂಗಿದ್ರೆ ಕಣ್ಣಿಗೇ ಅಳತೆ ಬಂದ್ಬಿಡುತ್ತೆ, ಆಮೇಲೆ ತಿಂಗಳಿಗೊಂದ್ಸಲ ಚಮಚ ಮತ್ತೆ ಗುಡ್ಡೆ ಆಗ್ತಿದೆಯಾ ಅಂತ ನೋಡ್ಕೊಂಡ್ರೆ ಸಾಕು. (ಆಗಿರುತ್ತೆ. ಪ್ರತೀ ಸಲ ಆಗಿರುತ್ತೆ.) ಹೋದ ತೂಕದ ಲೆಕ್ಕ ಕೇಳಿದ್ರೆ, ಸೇರಿದ್ದ ಎರಡೂವರೆ ಕೆ.ಜಿ. ಇಳಿಯೋಕೆ ಐದು ತಿಂಗಳು ಹಿಡೀತು.

ಪತ್ರ ಉದ್ದ ಆಯ್ತು, ಕತ್ತರಿ ಹಾಕೋದು ನಿಮ್ಮಿಷ್ಟ, ಆದ್ರೆ ಇದೊಂದನ್ನ ಕತ್ತರಿಸಬೇಡಿ. ಈ ಪತ್ರ ಬರೆಯೋಕೆ ಮುಂಚೆ ನಿಮ್ಮ ಲೇಖನದ ಮೂರನೇ ರೆಸಿಪೀನ ನಾನೊಂದ್ಸಲ ಮಾಡಿದೆ, ನಮ್ಮ ಯಜಮಾನರ ಕೈಲಿ ಇನ್ನೊಂದ್ಸಲ ಮಾಡಿಸಿದೆ. ಒಂದು ಬಾಳೆಹಣ್ಣು, ಬೇಕಾದಷ್ಟು ಹಾಲು, ಒಂದು ಹಿಡಿ ಬಾದಾಮಿ, ಸ್ವಲ್ಪ ಜೇನುತುಪ್ಪ. ಇಬ್ರೂ ಪೇಪರ್ ಮುಂದಿಟ್ಕೊಂಡು ಬರ್ದಿದ್ದ ಹಾಗೇ ಹಾಕಿದ್ವಿ, ಪಕ್ಕದಲ್ಲಿ ಮಗಳು ತೂಗಿ ಬರ್ಕೊಂಡ್ಲು. ನಂದು 400 ಕ್ಯಾಲೊರಿ ಬಂತು, ಅವರದು 690. ಎರಡೂ ನಿಮ್ಮ ರೆಸಿಪೀನೇ. ತೂಕ ಇಳಿಸೋಕೆ ಇದರಲ್ಲಿ ಯಾವುದನ್ನ ಕುಡೀಬೇಕು ಅಂತ ಮುಂದಿನ ಭಾನುವಾರ ದಯವಿಟ್ಟು ತಿಳಿಸಿ.

ಇಂತಿ,
ನಿಮ್ಮ ಪತ್ರಿಕೆಯ ಹಳೇ ಓದುಗಾರ್ತಿ